ಹದಿಮೂರನೇ ಗೇಟು ಮತ್ತು ಒಂದು ಮೊಳ ಕೇಬಲ್

ಫ್ಯಾನು ನಿಂತಿತು, ನಿಂತ ಮೇಲೆಯೇ ಗೊತ್ತಾದದ್ದು ಇಷ್ಟು ಹೊತ್ತು ಕಿವಿ ತುಂಬ ಅದರದೇ ಸದ್ದು ಇತ್ತೆಂದು, ಈಗ ಬರೀ ಗೋಡೆ ಗಡಿಯಾರ, ಹತ್ತು ಹದಿನೆಂಟು, ಕರೆಂಟಿನ ವೈರು ಎರಡೂ ಕಿತ್ತಿದ್ದೇನೆ, ಒಂದಲ್ಲ, ಎರಡೂ, ಎಣಿಸು ಮೋನಮ್ಮ, ಎಡಗೈಯಲ್ಲೊಂದು ಬಲಗೈಯಲ್ಲೊಂದು, ಹೌದು ಎರಡು, ಇನ್ನು ಸ್ವಿಚ್ಚು ಒತ್ತಿ ಹಿಡಿ, ಒಳಗೆ ಉಳಿದ ಕರೆಂಟು ಹರಿದುಹೋಗಲಿ, ಹತ್ತು ಎಣಿಸುವ ತನಕ ಬೆರಳು ಎತ್ತಬೇಡ — ಒಂದು, ಎರಡು, ಮೂರು, ಅಪ್ಪ ಈಗ ಎಲ್ಲಿದ್ದಾನೆ, ನಾಲ್ಕು, ಹೊರಗೆ ಬಂದಿರುತ್ತಾನೆ, ಬಂದೇ ಇರುತ್ತಾನೆ, ಐದು, ಬಂದಿದ್ದರೆ ಫೋನು ಯಾಕೆ ಎತ್ತಲಿಲ್ಲ, ಎಷ್ಟಾಯಿತು, ಆರೋ ಏಳೋ, ಮೊದಲಿಂದ ಎಣಿಸು. ಕಾಲುವೆಯ ಇಪ್ಪತ್ತೆರಡು ಗೇಟುಗಳು ಯಾವ ಹೊತ್ತಿಗೆ ಏಳಬೇಕು, ಯಾವ ಹೊತ್ತಿಗೆ ಕೂರಬೇಕು ಎಂಬುದೆಲ್ಲ ಈ ಒಂದು ಸರ್ವರಿನ ಡಿಸ್ಕುಗಳಲ್ಲಿದೆ, ಕಬ್ಬಿಣದ ರ್ಯಾಕಿನ ನಡುಖಾನೆಯಲ್ಲಿ, ಹಳಿ ಮೇಲೆ ಎಳೆದರೆ ಮೇಜಿನ ಖಾನೆಯಂತೆ ಜಾರಿ ಮುಂದೆ ಬರುತ್ತದೆ, ಡಿಸ್ಕುಗಳಿಗೆ ಏನೂ ಆಗಿಲ್ಲ, ಅವುಗಳಿಂದ ಅವನ್ನು ನಡೆಸುವ ಕಾರ್ಡಿಗೆ ಹೋಗುವ ಕೇಬಲ್ ಕೆಟ್ಟಿದೆ, ಒಂದು ಮೊಳದ ಕೇಬಲ್, ಬೆಳಿಗ್ಗೆ ಆರು ಹನ್ನೆರಡಕ್ಕೆ ಡಿಸ್ಕಿನ ದೀಪಗಳು ಒಂದೊಂದೇ ಹಸಿರು ಬಿಟ್ಟು ಕಿತ್ತಳೆಯಾದವು, ಆಮೇಲೆ ಎಲ್ಲ ನಿಂತುಹೋಯಿತು, ಕಚೇರಿಯ ಬೀಗ ತೆಗೆದು ನಾನು ನೋಡಿದ್ದು ಒಂಬತ್ತೂಮುಕ್ಕಾಲಿಗೆ. ನನಗೆ ಹೆದರಿಕೆಯಾಗಿದೆ. ಹೇಳಿಕೊಂಡರೆ ಕಡಿಮೆಯಾಗುತ್ತದೆ ಅನ್ನುತ್ತಾರೆ, ಕಡಿಮೆಯಾಗಲಿಲ್ಲ.

ಏಳಕ್ಕೆ ನೀರು ಚಾಲು ಆಗಬೇಕಿತ್ತು. ನಮ್ಮಲ್ಲಿ ಕಾಲುವೆಗೆ ಹದಿನಾಲ್ಕು ದಿನ ಚಾಲು, ಎಂಟು ದಿನ ಬಂದ್, ಬಂದ್ ಇದ್ದಾಗ ಕಾಲುವೆ ಊರವರ ಸ್ವತ್ತು, ಹೆಂಗಸರು ತಳದ ಗುಂಡಿ ನೀರಲ್ಲಿ ಕೌದಿ ಒಗೆಯುತ್ತಾರೆ, ಎಮ್ಮೆಗಳು ಇಳಿದು ಮಲಗುತ್ತವೆ, ಅಪ್ಪ ಬಂದಿನ ಕೊನೆಯ ದಿನ ನಸುಕಿನಲ್ಲಿ ಹದಿಮೂರನೇ ಗೇಟಿನ ಕೆಳಗೆ ಇಳಿಯುತ್ತಾನೆ, ಇಪ್ಪತ್ತೊಂಬತ್ತು ವರ್ಷದಿಂದ ಇಳಿಯುತ್ತಿದ್ದಾನೆ, ದ್ಯಾವಪ್ಪ ಇಳಿಯದೆ ಹದಿಮೂರಕ್ಕೆ ನೀರು ಬಂದದ್ದಿಲ್ಲ. ಗೇಟಿನಿಂದ ಹತ್ತು ಹೆಜ್ಜೆಗೆ ಸುರಪುರ ರಸ್ತೆ, ರಸ್ತೆಯ ಅಡಿಯಲ್ಲಿ ನೀರು ದಾಟಲು ಕಾಂಕ್ರೀಟಿನ ಕೊಳವೆ, ಇನ್ನೂರು ಅಡಿ ಉದ್ದ, ಬಗ್ಗಿಕೊಂಡೇ ಹೋಗಬೇಕು, ಎಂಟು ದಿನದಲ್ಲಿ ಅದರೊಳಗೆ ಜಾಲಿಮುಳ್ಳು, ಪ್ಲಾಸ್ಟಿಕ್ ಚೀಲ, ಹತ್ತಿಕಟ್ಟಿಗೆ, ಒಮ್ಮೊಮ್ಮೆ ಸತ್ತ ನಾಯಿ, ಎಲ್ಲ ಎಳೆದು ಹೊರಗೆ ಹಾಕಿ ಆರೂಮುಕ್ಕಾಲಿಗೆ ಮೇಲೆ ಬಂದು ಬೀಡಿ ಹಚ್ಚುತ್ತಾನೆ, ಏಳಕ್ಕೆ ಗೇಟು ತಾನೇ ಏಳುತ್ತದೆ, ಅವನು ಸುಮ್ಮನೆ ನೋಡುತ್ತ ಕೂರುತ್ತಾನೆ, ಮಗಳು ಶಹಾಪುರದಾಗ ಕುಂತು ಎತ್ತಾಕತ್ಯಾಳ ನೋಡ್ರಿ ಅಂತ ದಾರಿಹೋಕರಿಗೆ ಹೇಳುತ್ತಾನೆ, ನಾನು ಎತ್ತುವುದಲ್ಲ ಯಪ್ಪಾ, ಕಂಪ್ಯೂಟರು ಎತ್ತುತ್ತದೆ, ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಇವತ್ತು ಏಳಾದರೂ ಗೇಟು ಏಳಲಿಲ್ಲ. ಎಂಟಾದರೂ ಏಳಲಿಲ್ಲ. ನೀರು ಬರದಿದ್ದರೆ ಅಪ್ಪ ಏನು ತಿಳಿಯುತ್ತಾನೆ, ಕಚೇರಿಯವರು ಚಾಲು ಮುಂದಕ್ಕೆ ಹಾಕ್ಯಾರ ಅಂತ ತಿಳಿಯುತ್ತಾನೆ, ಹೇಳದೆ ಕೇಳದೆ ಮುಂದಕ್ಕೆ ಹಾಕುವುದು ಇವರಿಗೆ ಹೊಸತೇ, ಹಾಗಾದರೆ ಚೊಲೊ ಆತು, ಒಳಗಿನ ಹೂಳೂ ತೆಗದೇ ಬಿಡೂಣು ಅಂತ ಸಲಿಕೆ ಹಿಡಿದು ಇನ್ನೂ ಒಳಗೆ ಹೋಗಿರುತ್ತಾನೆ. ಗೇಟಿನ ಆಚೆ ಆರು ಅಡಿ ನೀರು ನಿಂತಿದೆ, ಮೇಲಿನ ಕಾಲುವೆಗೆ ನಿನ್ನೆ ಸಂಜೆಯೇ ಬಿಟ್ಟಿದ್ದಾರೆ. ಈಚೆ ಅಪ್ಪ.

ಮುಚ್ಚಳದ ಚಿಲಕ ಎತ್ತು, ಹಿಂದಕ್ಕೆ ಸರಿಸು, ಮೆಲ್ಲಗೆ — ಕೈಪಟ್ಟಿ ಹಾಕಿದ್ದೇನೆಯೇ, ಹಾಕಿದ್ದೇನೆ, ಅದರ ಚಿಮಟಿಗೆ ರ್ಯಾಕಿನ ಬರಿ ಕಬ್ಬಿಣಕ್ಕೆ ಸಿಕ್ಕಿಸಿದ್ದೇನೆ, ಮೈಯಲ್ಲಿನ ಕಿಡಿ ಕಾರ್ಡಿಗೆ ಹಾರಿದರೆ ಕೇಬಲ್ ಅಲ್ಲ, ಇಡೀ ಸರ್ವರೇ ಹೋಗುತ್ತದೆ. ಗಾಜಿನ ಆಚೆ ಹೊರಕೋಣೆಯಲ್ಲಿ ಇನ್ನೊಂದು ಕಂಪ್ಯೂಟರು, ಅದರ ಪರದೆಯ ಮೇಲೆ ಹದಿಮೂರನೇ ಗೇಟಿನ ಕ್ಯಾಮೆರಾ ಕಳಿಸಿದ ಕೊನೆಯ ಚಿತ್ರ ನಿಂತುಬಿಟ್ಟಿದೆ, ಆರು ಹನ್ನೆರಡು ಅಂತ ಮೂಲೆಯಲ್ಲಿ ಬರೆದಿದೆ, ಇಲ್ಲಿಂದಲೇ ಕಾಣುತ್ತದೆ, ನೋಡಬಾರದು ಅಂದುಕೊಂಡಷ್ಟೂ ಕಾಣುತ್ತದೆ, ನಸುಕಿನ ಮಬ್ಬು, ಗೇಟಿನ ಕಟ್ಟೆ, ಕಟ್ಟೆಯ ಮೇಲೆ ಕಬ್ಬಿಣದ ಚಕ್ರ, ಚಕ್ರಕ್ಕೆ ಕಟ್ಟಿದ ವಲ್ಲಿ. ಅಪ್ಪನ ಹೆಗಲ ಮೇಲಿನ ಬಟ್ಟೆ, ಮಬ್ಬಿನಲ್ಲಿ ಕಪ್ಪು ಕಾಣುತ್ತದೆ, ಕೆಂಪು ಅಂತ ನನಗೆ ಗೊತ್ತು. ಕೆಳಗೆ ಇಳಿಯುವವನು ಮೊದಲು ವಲ್ಲಿ ತೆಗೆದು ಚಕ್ರಕ್ಕೆ ಕಟ್ಟಬೇಕು, ಒಂದೇ ಗಂಟು, ವಲ್ಲಿ ಇದ್ದರೆ ಕೆಳಗೆ ಆಳಿದ್ದಾನೆ, ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟಬಾರದು, ಯಾವ ಪುಸ್ತಕದಲ್ಲೂ ಬರೆದಿಲ್ಲ, ನಮ್ಮ ಕಾಲುವೆಯ ಗೇಟಿನವರು ತಾವೇ ಮಾಡಿಕೊಂಡದ್ದು. ಸಾಬಣ್ಣ ಅಂತ ಒಬ್ಬ, ಭತ್ತದ ಸಸಿ ಒಣಗುತ್ತಿವೆಯೆಂದು ಸಿಟ್ಟಿನಿಂದ ಕೊಡಲಿ ಹಿಡಿದೇ ಗೇಟು ಎತ್ತಲು ಬಂದಿದ್ದನಂತೆ, ಚಕ್ರದಲ್ಲಿ ವಲ್ಲಿ ಕಂಡದ್ದೇ ಕೊಡಲಿ ಕೆಳಗಿಟ್ಟು ಕಟ್ಟೆ ಮೇಲೆ ಕೂತನಂತೆ, ಮಧ್ಯಾಹ್ನದ ತನಕ ಕೂತೇ ಇದ್ದನಂತೆ, ಅಪ್ಪ ಮೇಲೆ ಬಂದು ಗಂಟು ಬಿಚ್ಚಿದ ಮೇಲೆಯೇ ಬೈಯಲು ಶುರುಮಾಡಿದನಂತೆ. ಕಾಗದ ಓದಾಕ ಬರದವ್ರೂ ಬಟ್ಟಿ ಓದ್ತಾರವ್ವ — ಅಪ್ಪ ಹೇಳುವುದು ಹೀಗೆ. ಕಂಪ್ಯೂಟರಿಗೆ ಬಟ್ಟೆ ಓದಲು ಬರುವುದಿಲ್ಲ. ಕಂಪ್ಯೂಟರು ಬಂದ ಮೇಲೆ, ರೈತರು ತಾವೇ ತಿರುಗಿಸಿಯಾರೆಂದು ಕೈಯಿಂದ ತಿರುಗಿಸುವ ಹಿಡಿಕೆಗಳನ್ನೆಲ್ಲ ಕಿತ್ತು ಗೋದಾಮಿಗೆ ಹಾಕಿದರು, ಈಗ ಚಕ್ರ ಯಾವ ಕೆಲಸಕ್ಕೂ ಇಲ್ಲ, ಮೋಟಾರು ಓಡಿದಾಗ ತಾನೂ ಸುಮ್ಮನೆ ತಿರುಗುತ್ತದೆ ಅಷ್ಟೆ. ಗೇಟು ಏಳುವ ಮುಂಚೆ ಕೂಗಬೇಕಾದ ಸೈರನ್ನು ಹೋದ ಮಳೆಗಾಲದಲ್ಲಿ ಸುಟ್ಟಿತು, ರಿಪೇರಿಗೆ ಹೋಗಿದೆ, ಬರುತ್ತದಂತೆ. ಬಟ್ಟಿ ಅದ ಅಲ್ಲ ಬಿಡವ್ವ, ಸೈರನ್ ಯಾಕ ಬೇಕು ಅಂದ ಅಪ್ಪ, ನಾನೂ ಬಿಟ್ಟೆ.

ಫೋನು ಹತ್ತು ಸಲ ಮಾಡಿದೆ, ರಿಂಗಾಗುತ್ತದೆ, ಎತ್ತುವುದಿಲ್ಲ, ಇಳಿಯುವಾಗ ಅಂಗಿ ಕಳಚಿ ಕಟ್ಟೆಯ ಮೇಲೆ ಇಟ್ಟು ಇಳಿಯುತ್ತಾನೆ, ಫೋನು ಅಂಗಿಯ ಜೇಬಿನಲ್ಲೇ, ಅಂಗಿ ಹಾಕಿಕೊಂಡಿದ್ದರೆ ಎತ್ತುತ್ತಿದ್ದ, ಎತ್ತಿಲ್ಲ ಅಂದರೆ ಅಂಗಿ ಹಾಕಿಲ್ಲ, ಅಂಗಿ ಹಾಕಿಲ್ಲ ಅಂದರೆ — ಇಲ್ಲ, ನಿದ್ದೆ ಮಾಡಿರಬಹುದು, ಬೇವಿನ ಮರದ ಕೆಳಗೆ ಉಂಡು ಮಲಗಿರಬಹುದು. ಅವ್ವನಿಗೆ ಮಾಡಿದೆ, ಏನೂ ಆಗಿಲ್ಲವೆಂಬಂತೆ ಕೇಳಿದೆ, ಅಪ್ಪ ಮನಿಗೆ ಬಂದಾನೇನು, ಅವ್ವ ಮರಿಲಿಂಗಮ್ಮನಿಗೆ ನನ್ನ ದನಿಯಲ್ಲಿ ಒಂದು ಎಳೆ ತಪ್ಪಿದರೂ ಗೊತ್ತಾಗುತ್ತದೆ, ಇಲ್ಲವ್ವ, ಬುತ್ತಿ ಕೊಟ್ಟು ಕಳಿಸೀನಿ, ಒಂಬತ್ತಕ್ಕ ಬರ್ತೀನಿ ಅಂದಿದ್ದ, ಇನ್ನೂ ಬಂದಿಲ್ಲ, ಯಾಕ, ಏನಾಗ್ಯಾದ ಅಂದಳು. ಏನಿಲ್ಲವ್ವ, ಸುಮ್ನ ಕೇಳ್ದೆ. ಸುಮ್ಮನೆ ಕೇಳುವ ಮಗಳು ಹತ್ತು ಗಂಟೆಗೆ ಕೆಲಸ ಬಿಟ್ಟು ಫೋನು ಮಾಡುತ್ತಾಳೆಯೇ, ಅವ್ವನಿಗೆ ತಿಳಿದಿರುತ್ತದೆ, ಈಗ ಬಾಗಿಲಲ್ಲಿ ನಿಂತು ಕಾಲುವೆಯ ಕಡೆ ನೋಡುತ್ತಿರುತ್ತಾಳೆ, ಹದಿಮೂರಕ್ಕೆ ಮನೆಯಿಂದ ಒಂದೂವರೆ ತಾಸಿನ ನಡಿಗೆ. ಸಾಹೇಬರಿಗೆ ಹೇಳಿದೆ, ಸೂಗಪ್ಪ ಸಾಹೇಬರು, ನಮ್ಮ ಇಂಜಿನಿಯರು, ಕೆಟ್ಟವರಲ್ಲ, ಹೇಳಿದ ಕೂಡಲೇ ಡ್ರೈವರ್ ಯೂನುಸನನ್ನು ಜೀಪು ಕೊಟ್ಟು ಓಡಿಸಿದರು, ಹದಿಮೂರಕ್ಕೆ ಹೋಗಿ ದ್ಯಾವಪ್ಪನನ್ನು ಮೇಲೆ ಕರೆದು ಫೋನು ಮಾಡು ಅಂದರು, ಹತ್ತು ಐದಕ್ಕೆ ಹೊರಟಿದ್ದಾನೆ, ಹದಿನೆಂಟು ಕಿಲೋಮೀಟರು, ಅದರಲ್ಲಿ ಆರು ಕಾಲುವೆ ಏರಿಯ ಕಲ್ಲುಹಾದಿ, ಹತ್ತು ಐವತ್ತರ ಒಳಗೆ ಮುಟ್ಟಲಾರ. ಕಿಟಕಿಯಲ್ಲಿ ಗುಡ್ಡ ಕಾಣುತ್ತದೆ, ಬುದ್ಧ ಮಲಗ್ಯಾನ ಅಂತ ಊರವರೆಲ್ಲ ಕೈ ತೋರಿಸುವ ಗುಡ್ಡ, ಹಣೆ, ಮೂಗು, ಎದೆ, ಅಂಗಾತ ಮಲಗಿದ ಮನುಷ್ಯ, ಬೇಡ, ಆ ಕಡೆ ನೋಡಬೇಡ, ಕೇಬಲ್ ನೋಡು.

ಯೂನುಸ ಮುಟ್ಟುವ ತನಕ ಕೈ ಕಟ್ಟಿ ಕೂರೋಣ ಅಂದೆ. ಸಾಹೇಬರು ತಲೆ ಆಡಿಸಿದರು, ಆಗಂಗಿಲ್ಲಮ್ಮ, ಮೇಲಿನ ಕಾಲುವೆಯಲ್ಲಿ ನೀರು ಏರಿಯ ಅಂಚಿಗೆ ಒಂದು ಗೇಣು ಉಳಿದಿದೆಯಂತೆ, ಗೇಟುಗಳೆಲ್ಲ ಮುಚ್ಚಿಕೊಂಡು ಕೂತರೆ ನೀರು ಎಲ್ಲಿಗೆ ಹೋಗಬೇಕು, ಹನ್ನೊಂದನೇ ಗೇಟಿನ ಹತ್ತಿರ ಏರಿ ಹೋದ ವರ್ಷವೇ ಜಿನುಗಿತ್ತು, ಒಡೆದರೆ ಇಳಿಜಾರು ಎಲ್ಲಿಗೆ, ಹದಿಮೂರಕ್ಕೇ, ರಸ್ತೆಯ ಕೊಳವೆಗೇ. ಕೂತರೂ ಅಪ್ಪನ ಮೇಲೆ ನೀರು, ಎದ್ದರೂ ಅಪ್ಪನ ಮೇಲೆ ನೀರು. ಸರ್ವರು ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಯಾವುದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೊತ್ತು ಮೀರಿದ ಆಜ್ಞೆಗಳನ್ನು ಮೊದಲು ನಡೆಸುತ್ತದೆ, ಹಾಗೆ ಬರೆದಿಟ್ಟಿದ್ದಾರೆ, ಕರೆಂಟು ಹೋಗಿ ಬಂದರೂ ರೈತರ ಪಾಳಿ ತಪ್ಪಬಾರದೆಂದು, ಏಳು ಗಂಟೆಯ ಆಜ್ಞೆ ಹದಿಮೂರಕ್ಕೆ, ಎಲ್ಲಕ್ಕಿಂತ ಮೊದಲು ಹದಿಮೂರು. ಅದಕ್ಕೇ ನಾನು ಹುಷಾರಿ ಮಾಡಿದ್ದೇನೆ, ಸರ್ವರಿನ ಹಿಂಬದಿಗೆ ಹೋಗಿ ಗೇಟುಗಳಿಗೆ ಸುದ್ದಿ ಒಯ್ಯುವ ನೀಲಿ ವೈರನ್ನು ಕಿತ್ತಿದ್ದೇನೆ, ಸರ್ವರು ಎದ್ದು ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ಗೇಟಿಗೆ ಕೇಳಿಸುವುದಿಲ್ಲ, ಎದ್ದ ಮೇಲೆ ಹದಿಮೂರರ ಆಜ್ಞೆಯನ್ನು ನನ್ನ ಕೈಯಿಂದಲೇ ಅಳಿಸುತ್ತೇನೆ, ಅಳಿಸಿದ್ದನ್ನು ಎರಡು ಸಲ ನೋಡುತ್ತೇನೆ, ಆಮೇಲೆ ವೈರು ಹಾಕಿ ಉಳಿದ ಗೇಟುಗಳನ್ನು ಎತ್ತಿದರೆ ಏರಿಯೂ ಉಳಿಯಿತು, ಅಪ್ಪನೂ ಉಳಿದ. ಕಿತ್ತ ವೈರಿನ ತುದಿಗೆ ನನ್ನ ದಸ್ತಿ ಕಟ್ಟಿದೆ, ಬಿಳಿ ಕರವಸ್ತ್ರ, ಒಂದೇ ಗಂಟು, ಕೈ ತಾನಾಗಿ ಕಟ್ಟಿತು, ಕಟ್ಟಿದ ಮೇಲೆ ಸ್ವಲ್ಪ ಧೈರ್ಯ ಬಂತು. ಸಾಹೇಬರು ಆಗ ಪಡಸಾಲೆಯಲ್ಲಿ ಫೋನಿನಲ್ಲಿದ್ದರು, ವಡಗೇರಾ ಕಡೆಯ ಕೊನೆಭಾಗದ ರೈತರು, ನೀರು ಯಾವಾಗ, ನೀರು ಯಾವಾಗ, ಒಬ್ಬರು ಇಟ್ಟರೆ ಇನ್ನೊಬ್ಬರು.

ಎಲಾ, ಇದೇನು. ಕಾರ್ಡಿನ ಮೇಲೆ ವಿಭೂತಿ. ಮೂರು ಬೆರಳಿನ ಪಟ್ಟೆ, ನಡುವೆ ಕುಂಕುಮದ ಬೊಟ್ಟು, ಹೋದ ತಿಂಗಳ ದಸರೆಯ ಖಂಡೇಪೂಜೆಯದು, ಜೀಪಿಗೆ ಕಟ್ಟಿದ್ದು ಬಾಳೆಕಂಬ, ಸರ್ವರಿಗೆ ಚೆಂಡುಹೂವಿನ ಮಾಲೆ, ಮಾಲೆ ಹಾಕಿದ ಮೇಲೆ ಸಾಹೇಬರು ಅಂದಿದ್ದರು, ಮ್ಯಾಲಿನ ತಗಡಿಗಿ ಪೂಜಿ ಮಾಡಿದ್ರ ಏನ್ ಬಂತಮ್ಮ, ಜೀವ ಒಳಗದ ಅಲ್ಲ, ತೆಗೀರಿ ಮುಚ್ಚಳ. ನಾನೇ ತೆಗೆದೆ. ವಿಭೂತಿ ಹಚ್ಚಿದರು, ಊದುಬತ್ತಿ ಬೆಳಗಿದರು, ತಿನ್ನಲು ಮಾಡಿದ ಮಂಡಾಳು ಒಗ್ಗರಣೆ ಹೊರಗೆ ಆರುತ್ತಿತ್ತು, ಎಲ್ಲರೂ ಕರೆಯುತ್ತಿದ್ದರು, ಅವಸರದಲ್ಲಿ ಮುಚ್ಚಳ ಹಾಕಿದೆ, ಬಿಗಿಯಾಯಿತು, ಅಂಗೈಯಿಂದ ಗುದ್ದಿ ಕೂರಿಸಿದೆ, ನನ್ನದೇ ಕೈ, ಇಲ್ಲಿ ನೋಡು, ಕೇಬಲ್ ತನ್ನನ್ನು ಹಿಡಿದಿಡುವ ಮಡಿಕೆಯಿಂದ ಮೇಲೆದ್ದು ಮುಚ್ಚಳದ ಅಂಚಿಗೆ ಸಿಕ್ಕಿ ಅಪ್ಪಚ್ಚಿಯಾಗಿದೆ, ಉಗುರು ಒತ್ತಿದಷ್ಟು ಗುರುತು, ಅಷ್ಟರಿಂದಲೇ ಇಷ್ಟು. ಹನ್ನೊಂದು ದಿನದ ಹಿಂದೆ ಒಂದು ಡಿಸ್ಕು ಕಿತ್ತಳೆಯಾಗಿ ತಾನೇ ಹಸಿರಾಗಿತ್ತು, ಕೇಬಲ್ ಕಾಟ ಅಂತ ಅವತ್ತೇ ಗೊತ್ತಾಯಿತು, ಕಲಬುರಗಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೊಸ ಕೇಬಲ್ ತರಿಸಿಕೊಂಡೆ, ಎಂಟು ದಿನ ಬಂದ್ ಇತ್ತು, ಎಂಟು ದಿನವೂ ಸರ್ವರು ನಿಲ್ಲಿಸಿ ಹಾಕಬಹುದಿತ್ತು, ಯಾಕೆ ಹಾಕಲಿಲ್ಲ ಹೇಳು, ಹೆದರಿದೆ, ನಿಲ್ಲಿಸಿದರೆ ಮತ್ತೆ ಏಳದಿದ್ದರೆ ಅಂತ ಹೆದರಿದೆ, ನಾಳೆ ಮಾಡೋಣ ಅಂದೆ, ನಾಳೆ ಎಂದವನ ಮನೆ ಹಾಳು, ಗಾದೆ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಕೇಬಲ್ ಎಂಟು ದಿನ ಬೀರುವಿನಲ್ಲಿ ಮಲಗಿತ್ತು.

ಸಾಕು, ಬೈದುಕೊಳ್ಳಲು ಆಮೇಲೆ ಬೇಕಾದಷ್ಟು ಹೊತ್ತಿದೆ, ಹತ್ತು ಮೂವತ್ತೊಂದು, ಮೊದಲು ಫ್ಯಾನಿನ ಗಾಳಿಗೆ ದಾರಿ ಮಾಡುವ ಪ್ಲಾಸ್ಟಿಕ್ ಹೊದಿಕೆ ಎತ್ತಿ ಪಕ್ಕಕ್ಕಿಡು, ಕೇಬಲ್ಲಿನ ಹಾದಿ ನೋಡಿಕೋ, ಎರಡು ತಲೆ, ಒಂದು ಎ ಒಂದು ಬಿ, ಕಾರ್ಡಿನಲ್ಲೂ ಎ ಬಿ, ಅದಲುಬದಲಾದರೆ ಡಿಸ್ಕಿನ ಲೆಕ್ಕ ಅಡ್ಡಾದಿಡ್ಡಿ, ತಲೆಯ ಮೇಲಿನ ನಾಲಿಗೆ ಒತ್ತಿ ನೇರ ಎಳೆ, ಜಗ್ಗಬೇಡ — ಬರುತ್ತಿಲ್ಲ, ಬೆವರಿಗೆ ಬೆರಳು ಜಾರುತ್ತಿದೆ, ಏಸಿ ಓಡುತ್ತಿದ್ದರೂ ಬೆವರು — ಜೋರ ಮಾಡಬ್ಯಾಡ, ಕಬ್ಬಿಣಕ್ಕ ನಮಗಿಂತ ಸಿಟ್ಟು ಜಾಸ್ತಿ, ಅಪ್ಪ ಹೇಳಿದ್ದು, ನನಗೆ ಎಂಟು ವರ್ಷ, ಅವತ್ತು ಚಕ್ರಕ್ಕೆ ಹಿಡಿಕೆ ಇತ್ತು, ನನ್ನ ಎರಡೂ ಕೈ ಹಿಡಿಕೆಯ ಮೇಲೆ, ಅವನ ಕೈ ನನ್ನ ಕೈ ಮೇಲೆ, ಗ್ರೀಸಿನ ವಾಸನೆ, ತಿರುವು ಮಗಳ ಅಂದ, ಒಂದು ಸುತ್ತಿಗೆ ಒಂದು ಬೆರಳಷ್ಟು ಗೇಟು ಎದ್ದಿತು, ಕೆಳಗಿನಿಂದ ನೀರು ಬುಸ್ ಅಂತ ನುಗ್ಗಿತು, ಒಂದು ಬೆರಳಿಗೇ ಅಷ್ಟು ನೀರು, ನಾನು ಹೆದರಿ ಕೈ ಬಿಟ್ಟೆ, ಅಪ್ಪ ನಕ್ಕ, ಅಂಜಬ್ಯಾಡ, ನಾ ಮ್ಯಾಲ ಅದೀನಿ ಅಲ್ಲ. ಮೇಲೆ ಇದ್ದಾಗ ಅಂಜಿಕೆ ಇಲ್ಲ ಯಪ್ಪಾ. ಬಂತು, ಎ ಬಂತು, ಬಿ ಕೂಡ ಬಂತು, ಹಳೆಯದನ್ನು ನೆಲಕ್ಕೆ ಹಾಕು, ಹೊಸದು ಇದೇ ಹಾದಿಯಲ್ಲಿ, ಮಡಿಕೆಯ ಒಳಗೆ ಕೂರಿಸು, ಮುಚ್ಚಳಕ್ಕೆ ತಾಗದ ಹಾಗೆ, ಈ ಸಲ ಮೂರು ಸಲ ನೋಡು, ಎ ಗೆ ಎ, ಟಕ್, ಬಿ ಗೆ ಬಿ, ಟಕ್, ಈ ಟಕ್ ಕೇಳಿದರೇ ಕೂತಿತು ಅಂತ ಅರ್ಥ, ಹೊದಿಕೆ, ಮುಚ್ಚಳ, ಮೆಲ್ಲಗೆ ಜಾರಿಸು, ಬಿಗಿ ಇಲ್ಲ, ತಾನೇ ಕೂತಿತು, ಕರೆಂಟಿನ ವೈರು ಒಂದು, ಎರಡು, ಸ್ವಿಚ್ಚು. ಫ್ಯಾನು ಎದ್ದಿತು, ಕೋಣೆ ತುಂಬ ಸದ್ದು, ಗಡಿಯಾರ ಕೇಳುವುದಿಲ್ಲ ಈಗ, ಹತ್ತು ನಲವತ್ತು.

ಮುಂಬದಿಯಲ್ಲಿ ಕೀಲಿಮಣೆ ಹಿಡಿದು ಮೊಣಕಾಲೂರಿ ಕೂತಿದ್ದೇನೆ, ಪರದೆಯ ಮೇಲೆ ಬಿಳಿ ಅಕ್ಷರ ಓಡುತ್ತಿವೆ, ಓಡಿ ನಿಂತವು, ಈ ಡಿಸ್ಕುಗಳು ನನಗೆ ಪರಕೀಯ ಅನ್ನುತ್ತಿದೆ ಕಾರ್ಡು, ಒಪ್ಪಿಕೊಳ್ಳಲೇ, ಅಳಿಸಲೇ, ಎರಡೇ ದಾರಿ, ಪಕ್ಕಪಕ್ಕದಲ್ಲೇ ಇಟ್ಟಿದ್ದಾನೆ ಇದನ್ನು ಮಾಡಿದ ಪುಣ್ಯಾತ್ಮ, ಅಳಿಸು ಒತ್ತಿದರೆ ಹದಿಮೂರರ ಆಜ್ಞೆಯೂ ಹೋಗುತ್ತದೆ, ಅಲ್ಲವೇ, ಎಲ್ಲ ಹೋಗುತ್ತದೆ, ಒಂದು ಕ್ಷಣ ಬೆರಳು ಅಲ್ಲೇ ನಿಂತಿತು, ಅಳಿಸಿಬಿಟ್ಟರೆ ಅಪ್ಪನ ಮೇಲೆ ನೀರೇ ಬರುವುದಿಲ್ಲ, ಆದರೆ ಏರಿ, ಒಂದು ಗೇಣು ಉಳಿದ ಏರಿ, ಯಾವ ಗೇಟೂ ಏಳುವುದಿಲ್ಲ ಆಗ, ಇಲ್ಲ, ಒಪ್ಪಿಕೊ, ಒಪ್ಪಿಕೊ ಒತ್ತಿದೆ. ದೀಪ ಒಂದು ಹಸಿರು. ಎರಡು. ಮೂರು. ಅಯ್ಯಪ್ಪಾ, ನಾಲ್ಕೂ ಹಸಿರು, ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ದಸ್ತಿ ಹುಡುಕಿದೆ, ದಸ್ತಿ ಹಿಂದೆ ವೈರಿನಲ್ಲಿದೆ, ಸೆರಗಿನಿಂದ ಒರೆಸಿಕೊಂಡೆ. ಇನ್ನು ಎರಡು ಮೂರು ನಿಮಿಷಕ್ಕೆ ಪೂರ್ತಿ ಏಳುತ್ತದೆ, ಎದ್ದ ಕೂಡಲೇ ಆಜ್ಞೆಗಳ ಪಟ್ಟಿ, ಹದಿಮೂರು, ಅಳಿಸು, ಬಾಯಿಪಾಠ ಮಾಡಿಕೊಳ್ಳುತ್ತಿದ್ದೇನೆ, ಪಟ್ಟಿ, ಹದಿಮೂರು, ಅಳಿಸು. ಸಾಹೇಬರು ಒಳಗೆ ಬಂದರು, ಹಸಿರು ನೋಡಿ ಮುಖ ಅರಳಿತು, ಶಭಾಷಮ್ಮ ಅಂದರು, ಆಯ್ತಂತ ಬರ್ತದ್ರಿ ನೀರು ಅಂತ ಫೋನಿನಲ್ಲಿ ವಡಗೇರಾದವರಿಗೆ ಹೇಳುತ್ತಲೇ ರ್ಯಾಕಿನ ಸುತ್ತ ಒಂದು ಸುತ್ತು ಹಾಕಿದರು, ನಾನು ಪರದೆ ಬಿಟ್ಟು ಕಣ್ಣೆತ್ತಲಿಲ್ಲ, ಲೆಕ್ಕ ಮಾಡುತ್ತಿದ್ದೆ, ಯೂನುಸ ಈಗ ಕಲ್ಲುಹಾದಿಯಲ್ಲಿ, ಇನ್ನು ಐದು ನಿಮಿಷ, ಪರದೆ ಎದ್ದಿತು, ನನ್ನ ಹೆಸರು ಕೇಳಿತು, ಗುಪ್ತಪದ ಕೇಳಿತು, ಒಂದಕ್ಷರ ತಪ್ಪಿತು, ಮತ್ತೆ ಹೊಡಿ, ಆಗ ಹಿಂಬದಿಯಿಂದ, ಫ್ಯಾನಿನ ಸದ್ದಿನ ನಡುವೆಯೂ, ಟಕ್.

ಸಣ್ಣ ಟಕ್. ಆ ವೈರಿನ ಟಕ್ ನನಗೆ ಗೊತ್ತು, ಸಾವಿರ ಸಲ ಹಾಕಿದ್ದೇನೆ, ಸಾಹೇಬ್ರೆ ಅಂದೆ, ಅವರು ಹಿಂದಿನಿಂದ ಬಂದರು, ನಗುತ್ತಲೇ ಬಂದರು, ಕೈಯಲ್ಲಿ ನನ್ನ ಬಿಳಿ ದಸ್ತಿ, ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು, ಒಂದು ವೈರ್ ಬಿಚ್ಚಿ ಬಿದ್ದಿತ್ತಮ್ಮ, ನಿಮ್ದು ದಸ್ತಿ ಅದಕ್ಕ ಸಿಕ್ಕೊಂಡಿತ್ತು, ತೆಗದು ವೈರ್ ಹಾಕೀನಿ. ಸಾಹೇಬರು ಗುರುಮಠಕಲ್ ಕಡೆಯವರು, ಮಳೆ ನಂಬಿದ ನಾಡು, ಅವರ ಊರಿಗೆ ಕಾಲುವೆಯೇ ಇಲ್ಲ, ಬಟ್ಟೆಯ ಅರ್ಥ ಅವರಿಗೆ ಯಾರು ಹೇಳಬೇಕಿತ್ತು, ನಾನು ಹೇಳಬೇಕಿತ್ತು, ಬಾಯಿಬಿಟ್ಟು ಎರಡು ಮಾತು, ಈ ವೈರು ಮುಟ್ಟಬ್ಯಾಡ್ರಿ ಅಂತ ಎರಡೇ ಮಾತು, ಬಟ್ಟೆ ಕಟ್ಟಿದ್ದೇನಲ್ಲ ಅಂತ ಸುಮ್ಮನಿದ್ದೆ. ಆಜ್ಞೆಗಳ ಪಟ್ಟಿ ತೆರೆಯಿತು, ಹದಿಮೂರರ ಮುಂದೆ ಕಳಿಸಲಾಗಿದೆ ಅಂತ ಬರೆದಿದೆ, ಅಳಿಸು ಒತ್ತಿದೆ, ಕಳಿಸಿದ್ದನ್ನು ಅಳಿಸಲು ಬರುವುದಿಲ್ಲ ಅಂತು, ನಿಲ್ಲಿಸು ಅಂತ ಹೊಸ ಆಜ್ಞೆ ಹೊಡೆದೆ, ನಿಮ್ಮ ಆಜ್ಞೆ ಸಾಲಿನಲ್ಲಿದೆ ಅಂತು, ಸಾಲಿನಲ್ಲಿ ಇಪ್ಪತ್ತೆರಡನೆಯದು, ಉಳಿದ ಗೇಟುಗಳೆಲ್ಲ ಏಳುವ ತನಕ ಸಾಲಿನಲ್ಲಿ ನಿಲ್ಲಬೇಕು, ವೈರು ಕೀಳಲೇ, ಕಿತ್ತರೆ ಏನು ಬಂತು, ಹದಿಮೂರಕ್ಕೆ ಸುದ್ದಿ ಮುಟ್ಟಿದೆ, ಕೇಳಿದ ಮೇಲೆ ಪೂರ್ತಿ ಎದ್ದೇ ನಿಲ್ಲುತ್ತದೆ, ಕಿತ್ತರೆ ನಿಲ್ಲಿಸು ಅನ್ನುವುದೂ ಮುಟ್ಟುವುದಿಲ್ಲ. ಸಾಹೇಬರು ಏನಾತು ಏನಾತು ಅನ್ನುತ್ತಿದ್ದಾರೆ, ನಾನು ಗಾಜಿನ ಕಡೆ ನೋಡಿದೆ, ಹೊರಕೋಣೆಯ ಪರದೆಯಲ್ಲಿ ಚಿತ್ರ ಬದಲಾಯಿತು, ಆರು ಹನ್ನೆರಡು ಹೋಗಿ ಹತ್ತು ನಲವತ್ತೇಳು, ಮಬ್ಬು ಹೋಗಿ ಬಿಸಿಲು, ಚಕ್ರ, ಚಕ್ರದ ಮೇಲ್ಭಾಗದಲ್ಲಿ ವಲ್ಲಿ. ಕೆಂಪು. ಇನ್ನೂ ಕಟ್ಟಿಯೇ ಇದೆ.

ಫೋನು ತೆಗೆದು ಅಪ್ಪನಿಗೆ ಮಾಡಿದೆ, ರಿಂಗು, ರಿಂಗು, ಎತ್ತಿದ, ಎತ್ತಿದ, ಯಪ್ಪಾ ಅಂತ ಕೂಗಿದೆ, ಜೀವ ಬಂದಂತಾಯಿತು, ಯಪ್ಪಾ ಮ್ಯಾಲ ಅದಿಯಲ್ಲ, ಆಚೆಯಿಂದ ಏದುಸಿರು, ಅಪ್ಪನ ಉಸಿರಲ್ಲ — ಅಕ್ಕಾ, ನಾ ಯೂನುಸ, ಈಗ ಬಂದೀನಿ, ಕಾಕಾನ ಅಂಗಿ ಕಟ್ಟಿ ಮ್ಯಾಲ ಅದ, ಫೋನ್ ಅಂಗ್ಯಾಗ ಇತ್ತು, ಕಾಕಾ ಕಾಣವಲ್ರು, ಗೇಟ್ ಏಳಾಕತ್ತಾದ ಅಕ್ಕಾ. ಮೋಟಾರಿನ ಪೆಟ್ಟಿಗ್ಯಾಗ ಗೇಟು ನಿಲ್ಲಿಸೂ ಕೆಂಪು ಗುಂಡಿ ಅದ, ಒತ್ತು ಯೂನುಸ, ಪೆಟ್ಟಿಗೆ ಒಡಿ. ಕೀಲಿ ಹಾಕ್ಯಾರ ಅಕ್ಕಾ, ಕೀಲಿ ಎಲ್ಲದ. ಕೀಲಿ ಅಪ್ಪನ ಉಡದಾರದಲ್ಲಿದೆ. ಕಲ್ಲು ತಗೋ, ಒಡಿ, ಇಲ್ಲ, ಮೊದಲು ಕೊಳವೆಯ ಬಾಯಿಗೆ ಹೋಗಿ ಕೂಗು, ಅವನು ಓಡುತ್ತಿದ್ದಾನೆ, ಕಾಕಾ, ಕಾಕಾ ಅನ್ನುತ್ತಿದ್ದಾನೆ, ಅವನ ದನಿ ನನಗೇ ಕೇಳುತ್ತಿಲ್ಲ, ನೀರಿನ ಸದ್ದು, ಒಂದು ಬೆರಳಿನ ನೀರಲ್ಲ ಇದು, ಫೋನು ತುಂಬ ನೀರಿನ ಸದ್ದು, ಗಾಜಿನಾಚೆಯ ಪರದೆಯಲ್ಲಿ ಹತ್ತು ಸೆಕೆಂಡಿಗೊಂದು ಚಿತ್ರ, ಚಿತ್ರಕ್ಕೆ ಸದ್ದಿಲ್ಲ, ಚಕ್ರದ ಹತ್ತಿರ ಯಾರೂ ಇಲ್ಲ, ಮೋಟಾರಿನ ಜೊತೆ ಚಕ್ರ ತಾನೇ ತಿರುಗುತ್ತಿದೆ, ವಲ್ಲಿ ಬಲಕ್ಕೆ ಬಂತು, ಯಾರ ಕೈಯೂ ಇಲ್ಲ, ವಲ್ಲಿ ಕೆಳಗೆ, ತುದಿ ಜೋತು ಬಿದ್ದಿದೆ, ಗಂಟು ಹಾಗೇ ಇದೆ, ಕಟ್ಟಿದವನೇ ಬಿಚ್ಚಬೇಕು, ವಲ್ಲಿ ಎಡಕ್ಕೆ, ಗಂಟು ಬಿಚ್ಚಿಲ್ಲ, ವಲ್ಲಿ ಮೇಲೆ, ಮತ್ತೆ ಬಲಕ್ಕೆ, ಕೆಂಪು ವಲ್ಲಿ, ಮತ್ತೆ ಕೆಳಗೆ, ಗಂಟು ಹಾಗೇ, ಮತ್ತೆ ಎಡಕ್ಕೆ, ಗಂಟು ಹಾಗೇ, ಮತ್ತೆ ಮೇಲೆ, ಕೆಂಪು ವಲ್ಲಿ, ಗಂಟು